ಯಾರ ‘ಪಬ್ಲಿಕ್’ ಶಾಲೆ? ಈಟನ್‌ನಿಂದ ಬಸವಕಲ್ಯಾಣದವರೆಗೆ

ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿ ಹುಮನಾಬಾದನ್ನು ದಾಟಿ ಸಸ್ತಾಪುರ ಬಂಗ್ಲಾದ ಬಳಿ ಬಸವಕಲ್ಯಾಣದ ಕಡೆಗೊಂದು ಕವಲು ಬಿಡುತ್ತದೆ. ಈ ಸೀಮೆಯಲ್ಲಿ ಈಗ ಕಣ್ಣಿಗೆ ಬೀಳುವ ಫಲಕಗಳಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಎರಡು ಪದಗಳು ಸಾಮಾನ್ಯ. ಅಂಥ ಶಾಲೆಗಳಲ್ಲಿ ಹೆಚ್ಚಿನವು ಖಾಸಗಿಯವು. ಶುಲ್ಕ ಕಟ್ಟಿದವರಿಗೆ ಮಾತ್ರ ಅಲ್ಲಿ ಪ್ರವೇಶ. ಸಾರ್ವಜನಿಕರ ಹಣದಿಂದ ನಡೆಯುವ, ಎಲ್ಲರಿಗೂ ಬಾಗಿಲು ತೆರೆದಿರುವ ಶಾಲೆಗೆ ಮಾತ್ರ ಜನ ‘ಸರ್ಕಾರಿ ಸಾಲಿ’ ಎನ್ನುತ್ತಾರೆ. ‘ಪಬ್ಲಿಕ್’ ಎಂದರೆ ಸಾರ್ವಜನಿಕ ಎಂದು ನಿಘಂಟು ಹೇಳುವಾಗ ಖಾಸಗಿ ಶಾಲೆಗೆ ಆ ಹೆಸರು ಅಂಟಿಕೊಂಡದ್ದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಆರು ಶತಮಾನಗಳ ಹಿಂದಿನ ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಅಲ್ಲಿಂದ ರಾಜಕೋಟ, ಅಜ್ಮೇರ, ಹೈದರಾಬಾದುಗಳ ಮೂಲಕ ಮತ್ತೆ ಕಲ್ಯಾಣದ ಸೀಮೆಗೇ ಮರಳಬೇಕಾಗುತ್ತದೆ. ಒಂದು ಹೆಸರಿನ ಈ ಪಯಣದಲ್ಲಿ ಒಂದು ಇಡೀ ಪ್ರದೇಶದ ಮಕ್ಕಳಿಗೆ ಅಕ್ಷರ ದಕ್ಕಿದ, ದಕ್ಕದೆ ಹೋದ ಕತೆಯೂ ಅಡಗಿದೆ.

ಬಡವರಿಗಾಗಿ ಹುಟ್ಟಿದ ಸಿರಿವಂತರ ಶಾಲೆ

ಇಂಗ್ಲೆಂಡಿನ ಹಳೆಯ ಪಬ್ಲಿಕ್ ಶಾಲೆಗಳಲ್ಲಿ ಮೊದಲು ನೆನಪಾಗುವುದು ವಿಂಚೆಸ್ಟರ್. ವಿಲಿಯಂ ಆಫ್ ವೈಕಮ್ ಎಂಬ ಬಿಷಪ್ 1382ರಲ್ಲಿ ಅದನ್ನು ಸ್ಥಾಪಿಸಿದ. 70 ಮಂದಿ ಬಡ ವಿದ್ಯಾರ್ಥಿಗಳಿಗೆ ಊಟ, ವಸತಿ, ಲ್ಯಾಟಿನ್ ಪಾಠ ಎಲ್ಲವೂ ಅಲ್ಲಿ ಉಚಿತ. ಅದೇ ಮಾದರಿಯನ್ನು ಹಿಡಿದು ಆರನೆಯ ಹೆನ್ರಿ ದೊರೆ 1440ರಲ್ಲಿ ಈಟನ್ ಶಾಲೆಯನ್ನು ಕಟ್ಟಿಸಿದ. ಅಲ್ಲಿಯೂ 70 ಬಡ ಹುಡುಗರಿಗೆ ಉಚಿತ ವಿದ್ಯೆ. ಇಂದು ಸಿರಿವಂತಿಕೆಯ ಸಂಕೇತವೇ ಆಗಿರುವ ಶಾಲೆ ಹುಟ್ಟಿದ್ದು ಬಡವರ ಹೆಸರಿನಲ್ಲಿ ಎಂಬುದು ಇತಿಹಾಸದ ವಿಪರ್ಯಾಸ.

ಶಾಲೆಯ ಖರ್ಚಿಗೆಂದು ದೊರೆ ಭೂಮಿ ಬಿಟ್ಟುಕೊಟ್ಟಿದ್ದ. 1461ರಲ್ಲಿ ಹೆನ್ರಿ ಪಟ್ಟ ಕಳೆದುಕೊಂಡಾಗ ಹೊಸ ದೊರೆ ನಾಲ್ಕನೆಯ ಎಡ್ವರ್ಡ್ ಆ ದತ್ತಿಗಳನ್ನು ಕಿತ್ತುಕೊಂಡ. ಈಟನ್ ಇನ್ನೇನು ಮುಚ್ಚಿಹೋಗುವ ಹಂತಕ್ಕೆ ಬಂದಿತ್ತು. ಹೇಗೋ ಉಳಿದು, ಕಾಲಕ್ರಮದಲ್ಲಿ ಕಳೆದುಹೋದ ಆಸ್ತಿಯಲ್ಲಿ ಒಂದಿಷ್ಟನ್ನು ಮರಳಿ ಪಡೆಯಿತು. ದೊರೆಗಳು ಬಂದರು, ಹೋದರು. ಶಾಲೆಯ ಆಸ್ತಿ ಮಾತ್ರ ಅದರ ಆಡಳಿತ ಮಂಡಳಿಯ ಕೈಯಲ್ಲೇ ಉಳಿಯಿತು. ‘ಸ್ವತಂತ್ರ ಶಾಲೆ’ ಎಂಬ ಮಾತಿನ ನಿಜವಾದ ಅರ್ಥ ಇಲ್ಲಿದೆ. ಸರ್ಕಾರದ ಖಜಾನೆಯನ್ನಾಗಲಿ ಒಬ್ಬ ಒಡೆಯನ ಕೃಪೆಯನ್ನಾಗಲಿ ನೆಚ್ಚದೆ ತನ್ನದೇ ದತ್ತಿ ಮತ್ತು ಶುಲ್ಕದಿಂದ ನಡೆಯುವ ಶಾಲೆ ಅದು.

ಉಚಿತ ವಿದ್ಯಾರ್ಥಿಗಳ ಜೊತೆಗೆ ಹಣ ಕೊಟ್ಟು ಓದುವ ಹುಡುಗರನ್ನೂ ಸೇರಿಸಿಕೊಳ್ಳುವ ಪದ್ಧತಿ ಬೆಳೆಯಿತು. ಶ್ರೀಮಂತರ ಮಕ್ಕಳು ಒಂದೋ ಮನೆಯಲ್ಲೇ ಖಾಸಗಿ ಗುರುಗಳಿಂದ ಕಲಿಯಬೇಕು, ಇಲ್ಲವೇ ಊರ ಹೊರಗಿನ ಇಂಥ ಶಾಲೆಗೆ ಹೋಗಬೇಕು. ಯಾವ ಊರಿನವರಾದರೂ ಹಣ ಕಟ್ಟಿ ಸೇರಬಹುದಾದ್ದರಿಂದ ಇವು ‘ಪಬ್ಲಿಕ್’ ಶಾಲೆಗಳಾದವು. ಮನೆಪಾಠಕ್ಕೆ ಎದುರಾದದ್ದು ಎಂಬುದೇ ಆ ಪದದ ಮೂಲಾರ್ಥ. ಸರ್ಕಾರ ಎಲ್ಲರಿಗೂ ಶಾಲೆ ತೆರೆಯುವ ಕಾಲ ಬಂದಾಗ ಅರ್ಥ ತಲೆಕೆಳಗಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

1861ರಲ್ಲಿ ಬ್ರಿಟಿಷ್ ಸರ್ಕಾರ ಒಂಬತ್ತು ಪ್ರಸಿದ್ಧ ಶಾಲೆಗಳ ವಿಚಾರಣೆಗೆ ಕ್ಲಾರೆಂಡನ್ ಆಯೋಗವನ್ನು ನೇಮಿಸಿತು. 1868ರಲ್ಲಿ ಅವುಗಳಲ್ಲಿ ಏಳಕ್ಕೆ ಅನ್ವಯಿಸುವ ಪಬ್ಲಿಕ್ ಶಾಲೆಗಳ ಕಾಯ್ದೆಯೂ ಬಂತು. ಅಷ್ಟರಲ್ಲಿ ಈ ಶಾಲೆಗಳ ಒಳಜೀವನಕ್ಕೆ ಒಂದು ಗಟ್ಟಿ ರೂಪ ಬಂದಿತ್ತು. ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯ ಥಾಮಸ್ ಆರ್ನಲ್ಡ್ 1828ರಿಂದ 1842ರಲ್ಲಿ ತೀರಿಕೊಳ್ಳುವವರೆಗೆ ಆ ಶಾಲೆಯನ್ನು ನಡೆಸಿದ ರೀತಿ ಉಳಿದವರಿಗೆ ಮೇಲ್ಪಂಕ್ತಿಯಾಯಿತು. ಹಿರಿಯ ವಿದ್ಯಾರ್ಥಿಗಳಿಗೆ ಕಿರಿಯರ ಮೇಲೆ ಅಧಿಕಾರ, ವಿದ್ಯಾರ್ಥಿಗಳನ್ನು ‘ಹೌಸ್’ಗಳಾಗಿ ವಿಂಗಡಿಸುವುದು, ದಿನಾ ಪ್ರಾರ್ಥನೆ, ಪಾಠದಷ್ಟೇ ಮಹತ್ವ ಆಟಕ್ಕೆ, ಇವೆಲ್ಲ ಆ ವ್ಯವಸ್ಥೆಯ ಲಕ್ಷಣಗಳು. ಅದರ ಕ್ರೂರ ಮುಖವೂ ಇತ್ತು. ಕಿರಿಯ ಹುಡುಗರು ಹಿರಿಯರ ಬೂಟು ಒರೆಸಬೇಕು, ಚಹಾ ಕಾಸಬೇಕು. ತಪ್ಪಿದರೆ ಬೆತ್ತದ ರುಚಿ. ಇಂಥ ಶಾಲೆಗಳಲ್ಲಿ ಪಳಗಿದವರೇ ಸಾಮ್ರಾಜ್ಯವನ್ನು ಆಳಲು ಭಾರತಕ್ಕೂ ಬಂದರು.

ಕಲ್ಯಾಣದ ನೆಲದ ಹಳೆಯ ವಿದ್ಯಾಲಯಗಳು

ದತ್ತಿಯಿಂದ ನಡೆಯುವ ವಸತಿ ಶಾಲೆ ಇಂಗ್ಲೆಂಡಿನಿಂದ ಬಂದ ಹೊಸ ವಸ್ತು ಎಂದು ಭಾವಿಸಬೇಕಾಗಿಲ್ಲ. ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ ಈ ಸೀಮೆ ವಿದ್ಯೆಯ ನೆಲೆವೀಡಾಗಿತ್ತು. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕಾಶ್ಮೀರದ ಬಿಲ್ಹಣನಿದ್ದ. ಹಿಂದೂ ದಾಯಭಾಗದ ವಿಚಾರದಲ್ಲಿ ನ್ಯಾಯಾಲಯಗಳು ಶತಮಾನಗಳ ನಂತರವೂ ಆಧಾರವಾಗಿ ಹಿಡಿದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಕಲ್ಯಾಣದಲ್ಲಿಯೇ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿದ್ದ ಘಟಿಕಾಸ್ಥಾನದ ಸಂಗತಿ 1058ರ ಶಾಸನದಿಂದ ತಿಳಿಯುತ್ತದೆ. ವೇದ, ಶಾಸ್ತ್ರಗಳನ್ನು ಕಲಿಯುವ ವಿದ್ಯಾರ್ಥಿಗಳಿಗೂ ಕಲಿಸುವ ಉಪಾಧ್ಯಾಯರಿಗೂ ಪುಸ್ತಕ ಭಂಡಾರ ನೋಡಿಕೊಳ್ಳುವ ‘ಸರಸ್ವತೀ ಭಂಡಾರಿಗ’ರಿಗೂ ಅಲ್ಲಿ ಭೂಮಿ ಬಿಡಲಾಗಿತ್ತು. ವಿಂಚೆಸ್ಟರ್ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲಿನ ಮಾತಿದು.

ಆದರೆ ಘಟಿಕಾಸ್ಥಾನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆ ಮಿತಿಯನ್ನು ಮೀರಿದ್ದು ಹನ್ನೆರಡನೆಯ ಶತಮಾನದ ಶರಣರು. ಕಲ್ಯಾಣದ ಅನುಭವ ಮಂಟಪವೆಂದು ಪರಂಪರೆ ನೆನೆಯುವ ಕೂಟದಲ್ಲಿ ಮಡಿವಾಳ, ಅಂಬಿಗ, ಸಮಗಾರ, ಹೆಣ್ಣುಮಕ್ಕಳು ಎಲ್ಲರೂ ಕುಳಿತು ತಮ್ಮ ಆಡುನುಡಿಯಲ್ಲೇ ಮಾತನಾಡಿದರು. ಅದು ಶಾಲೆಯಲ್ಲ, ನಿಜ. ಆದರೆ ಜ್ಞಾನ ಯಾರ ಸೊತ್ತು, ಯಾವ ಭಾಷೆಯಲ್ಲಿ ಇರಬೇಕು ಎಂಬ ಪ್ರಶ್ನೆಯನ್ನು ಅದು ಕೇಳಿತ್ತು. ಪಬ್ಲಿಕ್ ಶಾಲೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಏಳುವುದು ಇದೇ ಪ್ರಶ್ನೆ.

ಮುಂದೆ ಬಹಮನಿಗಳ ಕಾಲದಲ್ಲಿ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಈಟನ್‌ಗೂ ಇದಕ್ಕೂ ಮೂರು ದಶಕದ ಅಂತರ ಅಷ್ಟೆ. ಮೂರು ಅಂತಸ್ತಿನ ಕಟ್ಟಡ, ವಿದ್ಯಾರ್ಥಿಗಳಿಗೆ ಕೋಣೆಗಳು, ಅಧ್ಯಾಪಕರಿಗೆ ಬಿಡಾರ, ಮಸೀದಿ, ಗ್ರಂಥಾಲಯ ಎಲ್ಲವೂ ಒಂದೇ ಆವರಣದಲ್ಲಿದ್ದವು. ಪರ್ಷಿಯಾದ ಶೈಲಿಯ ಬಣ್ಣದ ಹೆಂಚುಗಳ ತುಣುಕುಗಳು ಇಂದಿಗೂ ಗೋಡೆಯ ಮೇಲೆ ಹೊಳೆಯುತ್ತವೆ. 1481ರಲ್ಲಿ ಸುಲ್ತಾನನ ಅನುಮಾನಕ್ಕೆ ಗುರಿಯಾಗಿ ಗವಾನ್ ತಲೆ ತೆತ್ತ. ಮೊಗಲರ ಕಾಲದಲ್ಲಿ, 1696ರಲ್ಲಿ, ಮದ್ದುಗುಂಡು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಈಟನ್ ಉಳಿಯಿತು, ಗವಾನನ ಮದರಸಾ ಸ್ಮಾರಕವಾಯಿತು. ಇವೆರಡರ ನಡುವಿನ ಅಂತರ ಪಾಂಡಿತ್ಯದ್ದಲ್ಲ. ರಾಜಕೀಯದ ಏರುಪೇರನ್ನು ತಾಳಿಕೊಂಡು ಆಸ್ತಿಯನ್ನೂ ಆಡಳಿತವನ್ನೂ ಕಾಯುವ ವ್ಯವಸ್ಥೆಯದು.

ಕೂಲಿಮಠದಿಂದ ಇಂಗ್ಲೆಂಡಿಗೆ

ಅರಮನೆ, ಅಗ್ರಹಾರ, ಮದರಸಾಗಳ ಹೊರಗಿದ್ದ ಜನಸಾಮಾನ್ಯರಿಗೂ ಒಂದು ಸ್ವತಂತ್ರ ಶಾಲೆ ಇತ್ತು. ಅದೇ ಕೂಲಿಮಠ ಅಥವಾ ಐಗಳ ಮಠ. ಗುಡಿಯ ಪೌಳಿಯಲ್ಲೋ ಯಾರದೋ ಪಡಸಾಲೆಯಲ್ಲೋ ಐಗಳು ಕುಳಿತು ಹತ್ತಿಪ್ಪತ್ತು ಮಕ್ಕಳಿಗೆ ಕಲಿಸುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿ ಬಾಯಿಪಾಠ, ಲೆಕ್ಕ, ಓಲೆ ಓದುವುದು, ಇಷ್ಟು ಪಾಠ. ಮರಾಠಿಯ ಗಡಿಯಾದ ಕಾರಣ ಬೀದರ ಸೀಮೆಯಲ್ಲಿ ಲೆಕ್ಕಪತ್ರಕ್ಕೆ ಮೋಡಿ ಲಿಪಿಯೂ ಬೇಕಾಗಿತ್ತು. ಕೂಲಿ ಎಂದರೆ ಜೋಳ, ಬೇಳೆ, ಹಬ್ಬದ ದಿನದ ಕಾಣಿಕೆ. ಶಿಕ್ಷೆಯಲ್ಲಿ ಐಗಳು ಈಟನ್ ಗುರುಗಳಿಗೇನೂ ಕಡಿಮೆ ಇರಲಿಲ್ಲ. ಹಗ್ಗಕ್ಕೆ ಕೈ ಕಟ್ಟಿ ತೂಗುಹಾಕುವ ‘ಕೋದಂಡ’ದ ಹೆಸರು ಕೇಳಿದರೆ ಮಕ್ಕಳು ನಡುಗುತ್ತಿದ್ದರು.

ಈ ಬಡ ಶಾಲೆಯ ಒಂದು ಪದ್ಧತಿ ಇಂಗ್ಲೆಂಡಿಗೇ ಹೋದದ್ದು ಕುತೂಹಲದ ಸಂಗತಿ. ಮದ್ರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಸ್ಥಳೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಕ್ರಮವನ್ನೂ ಅಲ್ಲಿ ರೂಢಿಸಿದ. ಅದರ ವಿವರವನ್ನು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಸಾವಿರಾರು ಶಾಲೆಗಳಿಗೆ ಹರಡಿತು. ಹೀಗೆ ಇಲ್ಲಿನ ಬಡವರ ಶಾಲೆಯ ಕ್ರಮ ಅಲ್ಲಿನ ಬಡವರಿಗೆ ಹೋಯಿತು. ಅಲ್ಲಿನ ಸಿರಿವಂತರ ಶಾಲೆಯ ಕ್ರಮ ಇಲ್ಲಿನ ಸಿರಿವಂತರಿಗೆ ಬಂತು.

ರಾಜಕುಮಾರರ ಈಟನ್

1857ರ ದಂಗೆಯ ನಂತರ ಬ್ರಿಟಿಷರಿಗೆ ದೇಶೀಯ ಸಂಸ್ಥಾನಗಳ ನಿಷ್ಠೆ ಬೇಕಾಯಿತು. ಮುಂದೆ ಆಳಬೇಕಾದ ರಾಜಕುಮಾರರನ್ನು ಜನಾನದ ಮುದ್ದಿನಿಂದ ಬಿಡಿಸಿ ಇಂಗ್ಲಿಷ್ ಶಿಸ್ತಿನಲ್ಲಿ ಬೆಳೆಸಿದರೆ ಆ ನಿಷ್ಠೆ ತಾನಾಗಿ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. 1870ರಲ್ಲಿ ರಾಜಕೋಟದಲ್ಲಿ ರಾಜಕುಮಾರ ಕಾಲೇಜು ತೆರೆಯಿತು. ಭಾರತಕ್ಕೊಂದು ಈಟನ್ ಬೇಕು ಎಂದು ಭರತಪುರದಲ್ಲಿದ್ದ ಕರ್ನಲ್ ವಾಲ್ಟರ್ ಮಂಡಿಸಿದ ವಿಚಾರ ವೈಸ್‌ರಾಯ್ ಮೇಯೊಗೆ ಹಿಡಿಸಿತು. 1875ರಲ್ಲಿ ಅಜ್ಮೇರದಲ್ಲಿ ಮೇಯೊ ಕಾಲೇಜು ಪ್ರಾರಂಭವಾಯಿತು. ಅಲ್ಲಿ ಸೇರಿದ ಮೊದಲ ವಿದ್ಯಾರ್ಥಿ ಆಳ್ವಾರದ ಮಹಾರಾಜ ಮಂಗಲಸಿಂಗ್. ಒಬ್ಬೊಬ್ಬ ರಾಜಕುಮಾರನ ಹಿಂದೆ ಸೇವಕರು, ಕುದುರೆಗಳ ಪರಿವಾರವೇ ಬರುತ್ತಿತ್ತು. ಚಹಾ ಕಾಸುವ ಕಿರಿಯರ ಅಗತ್ಯ ಇಲ್ಲಿ ಬೀಳಲಿಲ್ಲ.

ನಿಜಾಮರ ಹೈದರಾಬಾದಿಗೆ ಈ ಮಾದರಿ ತಡವಾಗಿ ಬಂತು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, 1923ರಲ್ಲಿ, ಬೇಗಂಪೇಟೆಯಲ್ಲಿ ಜಾಗೀರದಾರ್ಸ್ ಕಾಲೇಜು ಸ್ಥಾಪನೆಯಾಯಿತು. ಅದರ ಆದರ್ಶವೂ ಈಟನ್ನೇ. ನವಾಬರು, ಜಹಗೀರದಾರರು, ದೊಡ್ಡ ಮನೆತನದವರ ಗಂಡುಮಕ್ಕಳಿಗಷ್ಟೇ ಅಲ್ಲಿ ಪ್ರವೇಶ. ವಿಸ್ತಾರವಾದ ಆವರಣ, ಕುದುರೆ ಸವಾರಿ, ಕ್ರಿಕೆಟ್ಟು, ಇಂಗ್ಲಿಷ್ ಶಿಕ್ಷಣ ಅಲ್ಲಿದ್ದವು.

ಇಲ್ಲಿಯೇ ಕಲ್ಯಾಣದ ಹೆಸರು ಮತ್ತೆ ಬರುತ್ತದೆ. ಆಗಿನ ‘ಕಲ್ಯಾಣಿ’ ಒಂದು ಜಹಗೀರು. ಚಾಲುಕ್ಯರ ಕೋಟೆಯಲ್ಲಿ ಕಲ್ಯಾಣಿಯ ನವಾಬರ ಮನೆತನ ನೆಲೆಸಿತ್ತು. ನಿಜಾಮ ಸಂಸ್ಥಾನದ ನೆಲದಲ್ಲಿ ದೊಡ್ಡದೊಂದು ಪಾಲು ಹೀಗೆ ಜಹಗೀರು, ಪಾಯಗಾ, ಸರ್ಫ್-ಎ-ಖಾಸ್‌ಗಳಾಗಿ ಹಂಚಿಹೋಗಿತ್ತು. ಜಹಗೀರದಾರನ ಆದಾಯವೆಂದರೆ ರೈತ ತೆರುವ ಕಂದಾಯ. ಆದ್ದರಿಂದ ಬೇಗಂಪೇಟೆಯ ಶಾಲೆಯ ಶುಲ್ಕ ಯಾವ ಹಸ್ತದಿಂದ ಸಂದಾಯವಾದರೂ ಅದರ ಮೂಲ ಇಂಥ ಜಹಗೀರು ಹಳ್ಳಿಗಳ ಜೋಳ, ತೊಗರಿ ಹೊಲಗಳಲ್ಲಿತ್ತು. ಆ ಹೊಲಗಳನ್ನು ಉತ್ತವರ ಮಕ್ಕಳಿಗೆ ಹಳ್ಳಿಯಲ್ಲಿ ಶಾಲೆ ಇರಲಿಲ್ಲ.

ಹೊರಗೆ ಉರ್ದು, ಒಳಗೆ ಕನ್ನಡ

ಹಳೆಯ ಮೈಸೂರಿನೊಡನೆ ಹೋಲಿಸಿದರೆ ಈ ಭಾಗದ ಹಿನ್ನಡೆ ಸ್ಪಷ್ಟವಾಗುತ್ತದೆ. ಬಿ.ಎಲ್. ರೈಸ್ ಅವರ ಯೋಜನೆಯಂತೆ ಮೈಸೂರಿನಲ್ಲಿ 1868ರಿಂದಲೇ ಹೋಬಳಿ ಶಾಲೆಗಳು ತೆರೆಯತೊಡಗಿದವು. ನಿಜಾಮ ಸಂಸ್ಥಾನದಲ್ಲಿ 1884ರ ಸುಮಾರಿಗೆ ಪಾರಸಿಯ ಜಾಗದಲ್ಲಿ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂಗ್ಲಿಷನ್ನು ಬಿಟ್ಟು ಒಂದು ಭಾರತೀಯ ಭಾಷೆಯಲ್ಲಿ ವಿಜ್ಞಾನ, ವೈದ್ಯಕೀಯಗಳನ್ನು ಕಲಿಸಲು ಹೊರಟ ಆ ಪ್ರಯೋಗ ನಿಜಕ್ಕೂ ದೊಡ್ಡದು. ಆದರೆ ಸಂಸ್ಥಾನದ ಪ್ರಜೆಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತೆಲುಗರು, ಕಾಲುಭಾಗ ಮರಾಠಿಗರು, ಹತ್ತರಲ್ಲೊಂದು ಪಾಲು ಕನ್ನಡಿಗರು. ಉರ್ದು ಮನೆಮಾತಾಗಿದ್ದವರು ಕೂಡ ಹತ್ತರಲ್ಲೊಂದು ಪಾಲು. ಹೀಗಾಗಿ ಬಹುಪಾಲು ಮಕ್ಕಳಿಗೆ ಶಾಲೆಯೆಂದರೆ ಮನೆಯಲ್ಲಿ ಕೇಳದ ಭಾಷೆಯ ಜಾಗವಾಯಿತು. ಶ್ರೀಮಂತರ ಮಕ್ಕಳಿಗೆ ಇಂಗ್ಲಿಷ್, ನೌಕರಿಗೆ ಉರ್ದು, ಮನೆಯಲ್ಲಿ ಕನ್ನಡವೋ ಮರಾಠಿಯೋ. ಈ ಮೂರು ಮೆಟ್ಟಿಲುಗಳ ನಡುವೆ ಬೀದರ ಜಿಲ್ಲೆಯ ಹುಡುಗ ಕಳೆದುಹೋಗುತ್ತಿದ್ದ.

ಸರ್ಕಾರ ತೆರೆಯದ ಶಾಲೆಗಳನ್ನು ಖಾಸಗಿಯವರು ತೆರೆಯಲು ಮುಂದಾದರು. 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಪ್ರಾರಂಭವಾಯಿತು. ಬೀದರ ಭಾಗದಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಶಾಲೆ, ಆಸ್ಪತ್ರೆಗಳನ್ನು ನಡೆಸಿದರು. ಇಪ್ಪತ್ತರ ದಶಕದಲ್ಲಿ ‘ಖಾನಗಿ’ ಶಾಲೆ ತೆರೆಯಬೇಕಾದರೆ ಪೂರ್ವಾನುಮತಿ ಬೇಕೆಂಬ ಕಟ್ಟುಪಾಡು ಬಂತು. ಮಾತೃಭಾಷೆಯ ಶಾಲೆಯೆಂದರೆ ರಾಜಕೀಯವಿರಬಹುದೆಂಬ ಅನುಮಾನ ಆಡಳಿತಕ್ಕೆ. ಇಂಗ್ಲೆಂಡಿನಲ್ಲಿ ಸ್ವತಂತ್ರ ಶಾಲೆ ಅಧಿಕಾರಕ್ಕೆ ಹತ್ತಿರದ ದಾರಿಯಾಗಿದ್ದರೆ, ಇಲ್ಲಿ ಸ್ವತಂತ್ರ ಶಾಲೆ ಅಧಿಕಾರದ ಕಣ್ಣು ತಪ್ಪಿಸಿ ನಡೆಯಬೇಕಾಗಿತ್ತು.

ಈ ಕಾಲದ ದೊಡ್ಡ ಹೆಸರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರದು (1890–1999). ಕಮಲನಗರದಲ್ಲಿ ಹುಟ್ಟಿದ ಅವರು ಮಠದ ಜೋಳಿಗೆಯನ್ನೇ ಶಾಲೆಯ ಖಜಾನೆ ಮಾಡಿಕೊಂಡರು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರು ಎಂಬುದು ಬೀದರ ಜಿಲ್ಲೆಯ ಮನೆಮನೆಯ ಮಾತು. ಈಟನ್‌ಗೆ ದೊರೆ ಬಿಟ್ಟ ಭೂಮಿಯ ದತ್ತಿ ಇತ್ತು. ಭಾಲ್ಕಿಯ ಶಾಲೆಗೆ ಭಕ್ತರು ಹಾಕಿದ ಹಿಡಿ ಜೋಳವೇ ದತ್ತಿ. ಬಸವಕಲ್ಯಾಣದಲ್ಲಿ ಇಂದು ನಿಂತಿರುವ ಅನುಭವ ಮಂಟಪದ ನಿರ್ಮಾಣದ ಹಿಂದೆಯೂ ಅವರ ದುಡಿಮೆ ಇದೆ.

ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರ ಇನ್ನೊಂದು ಬಗೆಯ ಉದಾಹರಣೆ. 1817ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕ ಪ್ರಭುಗಳು 1845ರ ಸುಮಾರಿಗೆ ಇಲ್ಲಿ ನೆಲೆ ನಿಂತರು. ಎಲ್ಲ ಮತಗಳನ್ನೂ ಒಪ್ಪಿಕೊಳ್ಳುವ ಅವರ ‘ಸಕಲಮತ’ ಸಂಪ್ರದಾಯದ ಹಾಡುಗಳಲ್ಲಿ ಕನ್ನಡ, ಮರಾಠಿ, ಹಿಂದೂಸ್ತಾನಿ ಎಲ್ಲವೂ ಇವೆ. ಹುಮನಾಬಾದಿನ ಸಂತೆಯಲ್ಲಿ ಒಂದೇ ವ್ಯಾಪಾರ ಮೂರು ಭಾಷೆಯಲ್ಲಿ ಮುಗಿಯುವುದು ಇಂದಿಗೂ ಅಚ್ಚರಿಯಲ್ಲ. ಇಂಥ ಬಹುಭಾಷೆಯ ನೆಲದಲ್ಲಿ ಶಾಲೆಗೆ ಒಂದೇ ಭಾಷೆ ಹೇರಿದಾಗಲೆಲ್ಲ ಯಾರೋ ಕೆಲವರು ಹೊಸ್ತಿಲ ಹೊರಗೇ ಉಳಿದಿದ್ದಾರೆ. ಆ ಸಂಸ್ಥಾನದ ಆಶ್ರಯದಲ್ಲೇ ನಡೆಯುವ ಇಂದಿನ ಶಾಲೆಯ ಹೆಸರು ಮಾಣಿಕ್ ಪಬ್ಲಿಕ್ ಸ್ಕೂಲ್ ಎಂಬುದು ಈ ಕತೆಗೆ ಹೊಂದುವ ಸಂಗತಿ.

ಹೆಸರು ಬದಲಿಸಿದ ಕಾಲ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1949ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. ಜಹಗೀರೇ ಇಲ್ಲದ ಮೇಲೆ ಜಹಗೀರದಾರರ ಕಾಲೇಜು ಉಳಿಯುವುದು ಹೇಗೆ? 1951ರಲ್ಲಿ ಅದು ‘ಹೈದರಾಬಾದ್ ಪಬ್ಲಿಕ್ ಸ್ಕೂಲ್’ ಎಂದು ಹೆಸರು ಬದಲಿಸಿಕೊಂಡು ಇತರರಿಗೂ ಬಾಗಿಲು ತೆರೆಯಿತು. ಮನೆತನದ ಜಾಗದಲ್ಲಿ ಶುಲ್ಕ ಬಂತು. ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ, ಅಡೋಬಿಯ ಶಾಂತನು ನಾರಾಯಣ್, ಕ್ರಿಕೆಟ್ ವೀಕ್ಷಕ ವಿವರಣೆಗಾರ ಹರ್ಷ ಭೋಗ್ಲೆ ಮುಂದೆ ಅಲ್ಲಿ ಓದಿದವರು. ನವಾಬರ ಮಕ್ಕಳ ಶಾಲೆ ಅಧಿಕಾರಿಗಳ, ಮಧ್ಯಮ ವರ್ಗದವರ ಮಕ್ಕಳ ಶಾಲೆಯಾಗಿ ಹೊಸ ಜನ್ಮ ಪಡೆಯಿತು.

1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ಸಾಕ್ಷರರು ನೂರಕ್ಕೆ ಸುಮಾರು ಒಂಬತ್ತು ಮಂದಿ ಮಾತ್ರ. ಒಂದು ಶಾಲೆಯ ವೈಭವದ ಹಿಂದಿದ್ದ ಕತ್ತಲೆ ಈ ಅಂಕಿಯಲ್ಲಿ ಕಾಣುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಹುಮನಾಬಾದ್, ಕಲ್ಯಾಣಿಗಳು ಮೈಸೂರು ರಾಜ್ಯಕ್ಕೆ ಬಂದವು. ಕಲ್ಯಾಣಿ ಬಸವಕಲ್ಯಾಣವಾಯಿತು. ಎರಡು ವರ್ಷದಲ್ಲೇ, 1958ರಲ್ಲಿ, ಮಹಾದೇವಪ್ಪ ರಾಂಪುರೆಯವರ ನೇತೃತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಲಬುರಗಿಯಲ್ಲಿ ಹುಟ್ಟಿ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳನ್ನು ಕೊಟ್ಟಿತು. ಮಠಗಳ ಮತ್ತು ಇಂಥ ಸಂಸ್ಥೆಗಳ ದುಡಿಮೆ ಇಲ್ಲದಿದ್ದರೆ ಈ ಭಾಗದ ಎರಡು ತಲೆಮಾರು ಓದಿನಿಂದ ದೂರವೇ ಉಳಿಯುತ್ತಿತ್ತು.

ನಾರಾಯಣಪುರದ ಪ್ರಯೋಗ

ಪಬ್ಲಿಕ್ ಶಾಲೆಯ ಶಿಸ್ತನ್ನು ಇಟ್ಟುಕೊಂಡು ಅದರ ಶುಲ್ಕವನ್ನು ಕಿತ್ತುಹಾಕಿದರೆ ಹೇಗೆ ಎಂಬ ಯೋಚನೆ ಸ್ವತಂತ್ರ ಭಾರತದಲ್ಲಿ ಬೇಗನೆ ಮೂಡಿತು. 1935ರಲ್ಲಿ ಡೆಹ್ರಾಡೂನಿನಲ್ಲಿ ತೆರೆದ ಡೂನ್ ಶಾಲೆಯ ಮೊದಲ ಮುಖ್ಯೋಪಾಧ್ಯಾಯ ಆರ್ಥರ್ ಫುಟ್ ಈಟನ್‌ನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ರಾಜಕುಮಾರರ ಬದಲು ಹೊಸ ಭಾರತದ ನಾಯಕರನ್ನು ಬೆಳೆಸುವುದು ಆ ಶಾಲೆಯ ಗುರಿ. 1961ರಲ್ಲಿ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಸೈನಿಕ ಶಾಲೆಗಳ ಯೋಜನೆ ರೂಪಿಸಿದಾಗ ಸಾಮಾನ್ಯರ ಮಕ್ಕಳಿಗೂ ಇಂಥ ಶಿಕ್ಷಣ ಸಿಗಲಿ ಎಂಬ ಆಶಯವಿತ್ತು. 1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಬಂತು.

ದೊಡ್ಡ ಹೆಜ್ಜೆ 1986ರ ರಾಷ್ಟ್ರೀಯ ಶಿಕ್ಷಣ ನೀತಿಯದು. ಡೂನ್ ಶಾಲೆಯಲ್ಲಿ ಓದಿದ್ದ ರಾಜೀವ್ ಗಾಂಧಿ ಪ್ರಧಾನಿಯಾಗಿದ್ದ ಕಾಲ. ಜಿಲ್ಲೆಗೊಂದು ನವೋದಯ ವಿದ್ಯಾಲಯ ಎಂಬ ಯೋಜನೆ ಜಾರಿಗೆ ಬಂತು. ಬೀದರ ಜಿಲ್ಲೆಯ ಪಾಲಿಗೆ ಬಂದ ವಿದ್ಯಾಲಯ ಜಿಲ್ಲಾ ಕೇಂದ್ರದಲ್ಲಿಲ್ಲ. ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿದೆ. ಚಾಲುಕ್ಯರ ಕಾಲದ ಶಿವಾಲಯವಿರುವ ಊರು ಅದು.

ನವೋದಯದ ದಿನಚರಿಯನ್ನು ನೋಡಿದರೆ ಆರ್ನಲ್ಡನ ನೆರಳು ಕಾಣದಿರದು. ಬೆಳಗಿನ ಗಂಟೆ, ಕವಾಯತು, ಪ್ರಾರ್ಥನೆ, ತರಗತಿ, ಸಂಜೆ ಆಟ, ರಾತ್ರಿ ಓದು ಎಲ್ಲವೂ ಕ್ರಮದಂತೆ. ವಿದ್ಯಾರ್ಥಿಗಳನ್ನು ‘ಸದನ’ಗಳಾಗಿ ವಿಂಗಡಿಸುವುದೂ ಅಲ್ಲಿಂದಲೇ ಬಂದದ್ದು. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ಬೆಟ್ಟಗಳ ಹೆಸರುಗಳು ಮಾತ್ರ ನಮ್ಮವು. ಅನ್ನ, ವಸತಿ, ಸಮವಸ್ತ್ರ, ಪುಸ್ತಕ ಉಚಿತ. ಆರನೇ ತರಗತಿಗೆ ಪರೀಕ್ಷೆಯ ಮೂಲಕ ಪ್ರವೇಶ. ಸೀಟುಗಳಲ್ಲಿ ನೂರಕ್ಕೆ 75 ಹಳ್ಳಿಯ ಮಕ್ಕಳಿಗೆ, ಒಟ್ಟಿನಲ್ಲಿ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾತಿ ಉಂಟು. ಮೊದಲ ವರ್ಷಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಪಾಠ ನಡೆದು ಮುಂದೆ ಇಂಗ್ಲಿಷ್, ಹಿಂದಿಗೆ ತಿರುಗುತ್ತದೆ. ಒಂಬತ್ತನೆಯ ತರಗತಿಯ ಒಂದಷ್ಟು ಮಕ್ಕಳು ಒಂದು ವರ್ಷ ಹಿಂದಿ ನಾಡಿನ ನವೋದಯಕ್ಕೆ ಹೋಗಿ, ಅಲ್ಲಿನವರು ಇಲ್ಲಿಗೆ ಬರುವ ಏರ್ಪಾಡು ಬೇರೆ ಯಾವ ಪಬ್ಲಿಕ್ ಶಾಲೆಯಲ್ಲೂ ಸಿಗುವಂಥದಲ್ಲ.

ಜಹಗೀರದ ಕಂದಾಯ ಬೇಗಂಪೇಟೆಗೆ ಹರಿಯುತ್ತಿದ್ದ ಕಾಲದಿಂದ, ಸಾರ್ವಜನಿಕರ ತೆರಿಗೆಯ ಹಣ ನಾರಾಯಣಪುರಕ್ಕೆ ಬರುವ ಕಾಲದವರೆಗಿನ ಬದಲಾವಣೆ ಸಣ್ಣದಲ್ಲ. ಆದರೂ ಒಂದು ತರಗತಿಗೆ ಇರುವುದು ಹೆಚ್ಚೆಂದರೆ 80 ಸೀಟು. ಇಡೀ ಜಿಲ್ಲೆಯ ಐದನೇ ತರಗತಿಯ ಮಕ್ಕಳಲ್ಲಿ 80 ಮಂದಿ ಒಳಗೆ ಹೋದರೆ ಸಾವಿರಾರು ಮಂದಿ ಹೊರಗೆ ಉಳಿಯುತ್ತಾರೆ. ವಿಂಚೆಸ್ಟರಿನ 70 ಬಡ ವಿದ್ಯಾರ್ಥಿಗಳಿಗೂ ನಾರಾಯಣಪುರದ 80 ವಿದ್ಯಾರ್ಥಿಗಳಿಗೂ ನಡುವೆ ಆರು ಶತಮಾನ ಸಂದಿದೆ. ಆರಿಸಿದ ಕೆಲವರಿಗೆ ಎಲ್ಲವನ್ನೂ ಕೊಡುವ ಕ್ರಮ ಮಾತ್ರ ಹಾಗೆಯೇ ಇದೆ.

ಮತ್ತೆ ಅದೇ ಪ್ರಶ್ನೆ

ಆ ಹೊರಗುಳಿದವರ ಪೋಷಕರೇ ಇಂದಿನ ಹೆದ್ದಾರಿ ಬದಿಯ ‘ಪಬ್ಲಿಕ್ ಸ್ಕೂಲ್’ಗಳತ್ತ ಮುಖ ಮಾಡುವುದು. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶಿಸಿತ್ತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸರ್ಕಾರಕ್ಕೆ ಹಾಗೆ ಹೇರುವ ಅಧಿಕಾರವಿಲ್ಲವೆಂದು ತೀರ್ಪು ಕೊಟ್ಟಿತು. ಸರ್ಕಾರ ತಾನೇ ಹೆಸರು ಬದಲಿಸುವ ಹಾದಿ ಹಿಡಿಯಿತು. ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಸೂರಿನಡಿ ಕಲಿಸುವ ‘ಕರ್ನಾಟಕ ಪಬ್ಲಿಕ್ ಶಾಲೆ’ಗಳು ಬಂದವು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಪ್ರಾರಂಭವಾದವು. ಖಾಸಗಿಯವರು ಹೊತ್ತುಕೊಂಡಿದ್ದ ‘ಪಬ್ಲಿಕ್’ ಎಂಬ ಪದ ಕೊನೆಗೆ ಸಾರ್ವಜನಿಕ ಶಾಲೆಯ ಫಲಕಕ್ಕೆ ಬಂದದ್ದು ಹೀಗೆ, ಸುತ್ತು ಬಳಸಿ.

ಇಂಗ್ಲೆಂಡಿನಲ್ಲಿಯೂ ಚರ್ಚೆ ಮುಗಿದಿಲ್ಲ. ಅಲ್ಲಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿ ಮಾತ್ರ ಸ್ವತಂತ್ರ ಶಾಲೆಗಳಲ್ಲಿ ಓದುತ್ತಾರೆ. ಆದರೆ ಇದುವರೆಗಿನ ಪ್ರಧಾನಿಗಳಲ್ಲಿ 20 ಮಂದಿ ಈಟನ್ ಒಂದರಲ್ಲೇ ಓದಿದವರು. 2025ರ ಜನವರಿ 1ರಿಂದ ಅಲ್ಲಿನ ಸರ್ಕಾರ ಖಾಸಗಿ ಶಾಲೆಗಳ ಶುಲ್ಕದ ಮೇಲೆ ನೂರಕ್ಕೆ 20ರಷ್ಟು ತೆರಿಗೆ ವಿಧಿಸಿತು. ಬಂದ ಹಣ ಸರ್ಕಾರಿ ಶಾಲೆಗಳಿಗೆ ಹೋಗಲಿ ಎಂಬುದು ಅದರ ಸಮರ್ಥನೆ. ಬಡ ಹುಡುಗರಿಗಾಗಿ ಹುಟ್ಟಿದ ಈಟನ್‌ನ ವಾರ್ಷಿಕ ಶುಲ್ಕ ಈಗ 60 ಸಾವಿರ ಪೌಂಡು ಮೀರಿದೆ.

ಈ ಭಾಗದ ಹಿನ್ನಡೆಯನ್ನು ಸಂವಿಧಾನವೇ ಒಪ್ಪಿಕೊಂಡಿದೆ. 371(ಜೆ) ವಿಧಿಯಿಂದ ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಬಂತು. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ಹೋಗಿ ‘ಕಲ್ಯಾಣ ಕರ್ನಾಟಕ’ವಾಯಿತು. ಮೀಸಲು ಸೀಟಿನವರೆಗೆ ತಲುಪಬೇಕಾದರೆ ಮಗು ಮೊದಲು ಹಳ್ಳಿಯ ಶಾಲೆಯಲ್ಲಿ ಓದು, ಬರಹ, ಲೆಕ್ಕವನ್ನು ಗಟ್ಟಿಯಾಗಿ ಕಲಿತಿರಬೇಕು. ಅಲ್ಲಿ ಉಪಾಧ್ಯಾಯರಿಲ್ಲದಿದ್ದರೆ ಮೇಲಿನ ಯಾವ ಮೀಸಲಾತಿಯೂ ಆ ಮಗುವಿಗೆ ಎಟುಕದು.

ಆರು ಶತಮಾನಗಳ ಈ ಚರಿತ್ರೆ ಹೇಳುವ ಮಾತು ಸರಳ. ಶಾಲೆಯ ಗುಣ ಅದರ ಹೆಸರಿನಲ್ಲಿಲ್ಲ. ಅದನ್ನು ನಡೆಸುವ ಹಣ ಯಾರದು, ಅದರ ಭಾಷೆ ಯಾರದು, ಅದರ ಹೊಸ್ತಿಲು ದಾಟಬಲ್ಲವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿದೆ. ಬೇಗಂಪೇಟೆಯ ಶಾಲೆಗೂ ಭಾಲ್ಕಿಯ ಜೋಳಿಗೆಗೂ ನಾರಾಯಣಪುರದ ಸದನಗಳಿಗೂ ಈ ಪ್ರಶ್ನೆ ಒಂದೇ. ಎಂಟುನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕೇಳಿದ್ದ ಆ ಪ್ರಶ್ನೆಗೆ ಊರೂರಿನ ಸರ್ಕಾರಿ ಸಾಲಿಯಲ್ಲಿ ಉತ್ತರ ಸಿಗುವ ದಿನ ‘ಪಬ್ಲಿಕ್’ ಎಂಬ ಪದಕ್ಕೆ ಅದರ ಅರ್ಥ ಮರಳಿ ಸಿಕ್ಕಂತಾಗುತ್ತದೆ.